ಕಾಮಾಲೆ ಬಾರದ ಮನೆಗಳು

ಮೊನ್ನೆ ಬೆಳಿಗ್ಗೆ ರವೀಂದ್ರನಗರದ ನಮ್ಮ ಮನೆಯ ಗೇಟಿನ ಹತ್ತಿರ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಚರಂಡಿಯ ಅಂಚಿಗೆ ಒಬ್ಬಾತ ಬಿಳಿ ಪುಡಿ ಎರಚುತ್ತಾ ಹೋಗುತ್ತಿದ್ದ. ಅವನ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಮನೆಮನೆಯ ಗೇಟು ತಟ್ಟುತ್ತಾ ಬರುತ್ತಿದ್ದಳು. "ಅಜ್ಜಿ, ನಿಮ್ಮನೇಲಿ ಯಾರಿಗಾದ್ರೂ ಜ್ವರ, ವಾಂತಿ ಏನಾದ್ರೂ ಇದೆಯಾ?" ಎಂದು ಕೇಳಿದಳು. ಇಲ್ಲ ಎಂದೆ. ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಪಕ್ಕದ ಮನೆಯ ಕಡೆ ನಡೆದಳು.

ಎಂಬತ್ತು ದಾಟಿದವಳಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಅವಳ ಬೆನ್ನು ನೋಡುತ್ತಾ ನಿಂತೆ. ಮೂಗಿನಲ್ಲಿ ಆ ವಾಸನೆ, ಕಿವಿಯಲ್ಲಿ ಡಾಕ್ಟರ್ ಗುರುಪಾದಪ್ಪನವರ ದನಿ. ಭದ್ರಾವತಿಯ ಆ ಒಂದು ಕಾರ್ತಿಕ ಮಾಸ ಎದುರಿಗೆ ಬಂದು ನಿಂತಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಲ್ತ್ ವಿಸಿಟರ್ ತರಬೇತಿ ಮುಗಿಸಿದ ನನ್ನನ್ನು ಭದ್ರಾವತಿಗೆ ಹಾಕಿದ್ದರು. ಇರುತ್ತಿದ್ದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಮದುವೆಯಾಗದ ಹುಡುಗಿ ದಿನಾ ರೈಲು ಹತ್ತಿ ಹೋಗಿ ಕಂಡವರ ಮನೆಯ ಬಚ್ಚಲು, ಕಕ್ಕಸು ನೋಡಿಕೊಂಡು ಬರುವುದು ದೊಡ್ಡಮ್ಮನಿಗೆ ಕೊಂಚವೂ ಹಿಡಿಸುತ್ತಿರಲಿಲ್ಲ. "ಸಂಬಳ ಕೊಟ್ಟು ಗಲೀಜು ತೋರಿಸ್ತಾರಲ್ಲೇ ಮಾರಾಯ್ತಿ, ಎಂಥಾ ಸರ್ಕಾರಾನೋ" ಎಂದು ಗೊಣಗುತ್ತಲೇ ನನ್ನ ಡಬ್ಬಿಗೆ ಅವಲಕ್ಕಿ ತುಂಬುತ್ತಿದ್ದಳು. ಸಂಜೆ ವಾಪಸ್ ಬಂದರೆ ಹಿತ್ತಿಲಿನಿಂದಲೇ ಒಳಗೆ ಬರಬೇಕು, ಕೈಕಾಲು ತೊಳೆದ ಮೇಲೆಯೇ ಕಾಫಿ.

ಡಾಕ್ಟರ್ ಗುರುಪಾದಪ್ಪನವರು ಜಿಲ್ಲಾ ಆರೋಗ್ಯ ಕಚೇರಿಯವರು. ಭದ್ರಾವತಿಗೆ ಬರುವ ದಿನಗಳಲ್ಲಿ ಅವರೂ ಅದೇ ಬೆಳಗಿನ ರೈಲಿಗೆ ಹತ್ತುತ್ತಿದ್ದರು. ಗುಂಡನೆಯ ಮೈ, ಮೊಣಕೈ ಹತ್ತಿರ ತೇಪೆ ಹಾಕಿದ ಕಂದು ಕೋಟು, ಹೆಗಲಿಗೊಂದು ಟವಲು, ಕೋಟಿನ ಜೇಬಿನ ತುಂಬ ಹುರಿದ ಕಡಲೆಕಾಯಿ. ತರಬೇತಿಯಲ್ಲಿ ನಮಗೆ ಬಾಣಂತಿ, ಮಗು, ಸಿಡುಬಿನ ಲಸಿಕೆ ಎಲ್ಲ ಹೇಳಿಕೊಟ್ಟಿದ್ದರು. ಎಪಿಡೆಮಿಯಾಲಜಿ ಎಂಬ ಪಾಠ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗಿತ್ತು, ಅದರಲ್ಲೂ ಅರ್ಧ ಹೊತ್ತು ನಾನು ತೂಕಡಿಸಿದ್ದೆ. ಆ ಹೆಸರು ಹೇಳುವಾಗ ನನ್ನ ನಾಲಿಗೆ ತೊಡರುವುದನ್ನು ಕೇಳಿ ಡಾಕ್ಟರು ನಕ್ಕರು. "ಹೆಸರು ಬಿಡಮ್ಮ ಶಾರದಾ. ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಇಷ್ಟು ಕೇಳೋಕೆ ಬಂದ್ರೆ ಸಾಕು. ಆದ್ರೆ ಇಷ್ಟು ಕೇಳೋಕೇ ಜನ್ಮ ಹಿಡಿಯತ್ತೆ" ಎಂದರು. ನನಗೆ ಅದು ಜನ್ಮ ಹಿಡಿಯುವ ಕೆಲಸವೆಂದು ಆಗ ಅನ್ನಿಸಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಸಾ ಮಿಲ್ ಓಣಿಯಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಓಣಿಯ ತುದಿಯಲ್ಲಿ ಶೆಟ್ಟರ ಮರದ ಮಿಲ್ಲು, ಅದರ ಎದುರಿಗೆ ಒಂದು ಬಾವಿ, ಬಾವಿಯ ಪಕ್ಕದಲ್ಲಿ ರಹೀಂ ಸಾಬರ ಲಾರಿ ಗ್ಯಾರೇಜು, ನಡುವೆ ಒಂದಷ್ಟು ಹೆಂಚಿನ ಮನೆಗಳು, ಹಿಂದುಗಡೆ ಸೇಲಂ ಕಡೆಯಿಂದ ಕೆಲಸಕ್ಕೆ ಬಂದವರ ತಗಡಿನ ಸಾಲುಮನೆಗಳು. ಓಣಿಯ ಬಾಯಲ್ಲಿ ಮುನಿಯಮ್ಮನ ಇಡ್ಲಿ ಅಂಗಡಿ. ಊರಿನ ಕಬ್ಬಿಣದ ಕಾರ್ಖಾನೆಯ ಬೆಳಗಿನ ಸೈರನ್ ಕೂಗುವ ಮೊದಲೇ ಅವಳ ಹಂಡೆಯಿಂದ ಆವಿ ಏಳುತ್ತಿತ್ತು. ಅವಳೂ ಸೇಲಂ ಕಡೆಯವಳೇ, ಗಂಡ ತೀರಿಕೊಂಡ ಮೇಲೆ ಆ ಒಲೆಯಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಚಟ್ನಿ. ನನ್ನ ಅವಲಕ್ಕಿ ಡಬ್ಬಿಯನ್ನು ನೋಡಿ, "ಇದು ತಿಂದು ಊರೆಲ್ಲಾ ಸುತ್ತೋದಾ ತಾಯಿ? ಕೂತ್ಕೋ ಇಲ್ಲಿ" ಎಂದು ಎಲೆ ಹಾಕುವವಳು ಅವಳೇ.

ಆಸ್ಪತ್ರೆಗೆ ಬಂದ ಕಾಮಾಲೆಯವರೆಲ್ಲ ಆ ತಗಡಿನ ಸಾಲುಮನೆಗಳವರು. ಎಲ್ಲರೂ ಮುನಿಯಮ್ಮನ ಅಂಗಡಿಯಲ್ಲಿ ತಿಂದವರು. ಅಷ್ಟರಲ್ಲಿ ಶೆಟ್ಟರ ಮಗನಿಗೂ ಕಣ್ಣು ಹಳದಿಯಾಯಿತು. ಒಬ್ಬನೇ ಮಗ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಶೆಟ್ಟರು ಕೆಟ್ಟ ಮನುಷ್ಯರಲ್ಲ. ಮಿಲ್ಲಿನವರ ಮನೆಯ ಬಾಣಂತನಕ್ಕೆ ಸೌದೆ ಕಳಿಸುವವರು, ಓಣಿಯ ಹಬ್ಬಗಳಿಗೆಲ್ಲ ಮುಂದೆ ನಿಲ್ಲುವವರು. ಆದರೆ ಮಗನ ಕಣ್ಣು ನೋಡಿ ಅವರ ತಲೆ ಕೆಟ್ಟಿತು. "ನಲ್ಲಿ ನೀರಲ್ಲಿ ಚಟ್ನಿ ರುಬ್ಬೋಳು. ನಲ್ಲೀಲಿ ತೊಗಲಿನ ವಾಷರ್ ಇರತ್ತೆ, ಅದು ನೀರಾ? ಅವಳನ್ನ ಅವಳೂರಿಗೆ ಕಳಿಸಿಬಿಡಿ" ಎಂದು ಹೇಳಬೇಕಾದಲ್ಲೆಲ್ಲ ಹೇಳಿಬಂದರು. ಅಂಗಡಿ ಮುಚ್ಚಿಸಿದರು. ಡಾಕ್ಟರು ವಿಚಾರಿಸಿ ವರದಿ ಕೊಡುವವರೆಗೆ ಒಲೆ ಹಚ್ಚಬಾರದು, ವರದಿ ಹೌದೆಂದರೆ ಜಾಗವನ್ನೇ ಬಿಡಬೇಕು ಎಂದಾಯಿತು.

ನಾನು ರೋಗಿಗಳನ್ನೆಲ್ಲ ಕೇಳಿ ಬಂದು, ಮರುದಿನ ರೈಲಿನಲ್ಲಿ ಡಾಕ್ಟರಿಗೆ ಗತ್ತಿನಿಂದ ಒಪ್ಪಿಸಿದೆ. "ಎಲ್ಲರೂ ಅಲ್ಲೇ ಇಡ್ಲಿ ತಿಂದಿದಾರೆ ಸರ್. ಒಬ್ಬರೂ ಬಿಟ್ಟಿಲ್ಲ."

"ಕಾಮಾಲೆ ಬಾರದೇ ಇದ್ದೋರನ್ನ ಕೇಳಿದ್ಯಾ?"

"ಅವರನ್ನ ಯಾಕೆ ಸರ್ ಕೇಳೋದು? ಅವರಿಗೆ ಏನೂ ಆಗಿಲ್ವಲ್ಲ."

ಡಾಕ್ಟರು ಟವಲಿನಿಂದ ಮುಖ ಒರೆಸಿಕೊಂಡರು. "ಕಾಮಾಲೆ ಬಂದೋರಿಗೆಲ್ಲಾ ಕಾರ್ಖಾನೆ ಸೈರನ್ ಕೇಳಿಸಿರತ್ತೆ. ಒಬ್ಬರೂ ಬಿಟ್ಟಿರಲ್ಲ. ಹಾಗಾದ್ರೆ ಸೈರನ್ನಿಂದ ಕಾಮಾಲೆ ಬಂತು ಅಂತ ಬರೀಲಾ?"

ಎದುರಿಗೆ ಕೂತಿದ್ದ ತರಕಾರಿ ವ್ಯಾಪಾರಿ ಗೊಳ್ಳೆಂದು ನಕ್ಕ. ನನಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಡಾಕ್ಟರು ಟವಲನ್ನು ಸೀಟಿನ ಮೇಲೆ ಹಾಸಿ, ನಾಲ್ಕು ಮೂಲೆಯಲ್ಲಿ ಕಡಲೆಕಾಯಿಯ ನಾಲ್ಕು ಗುಡ್ಡೆ ಮಾಡಿದರು. ಮೇಲಿನ ಎರಡು ಇಡ್ಲಿ ತಿಂದವರು, ಕೆಳಗಿನ ಎರಡು ತಿನ್ನದವರು. ಎಡಗಡೆಯವರಿಗೆ ಕಾಮಾಲೆ ಬಂತು, ಬಲಗಡೆಯವರಿಗೆ ಬರಲಿಲ್ಲ. "ನೀನು ಇಷ್ಟು ದಿನ ಓಡಾಡಿ ತಂದಿದ್ದು ಈ ಒಂದು ಗುಡ್ಡೆ" ಎಂದು ಮೇಲಿನ ಎಡಮೂಲೆ ತೋರಿಸಿದರು. "ಮಿಕ್ಕ ಮೂರು ಇಲ್ಲದೆ ಇದು ಬರೀ ಕಡಲೆಕಾಯಿ. ತಿಂದೋರಲ್ಲಿ ಎಷ್ಟು ಪಾಲಿಗೆ ಬಂತು, ತಿನ್ನದೋರಲ್ಲಿ ಎಷ್ಟು ಪಾಲಿಗೆ ಬಂತು, ಎರಡನ್ನೂ ಎದುರುಬದುರು ಇಟ್ಟು ನೋಡ್ಬೇಕು. ಗುಡ್ಡೆ ದೊಡ್ಡದಿದೆ ಅಂತ ಮೋಸ ಹೋಗ್ಬೇಡ." ಇಷ್ಟು ಹೇಳುವುದರೊಳಗೆ ತರಕಾರಿ ವ್ಯಾಪಾರಿ ಕೆಳಗಿನ ಬಲಮೂಲೆಯಿಂದ ಒಂದೊಂದೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ರೀ, ಅವರು ಗಟ್ಟಿಮುಟ್ಟಾಗಿರೋರು ಕಣ್ರೀ, ಅವರನ್ನ ಯಾಕೆ ತಿಂತೀರಿ?" ಎಂದು ಡಾಕ್ಟರು ಕೂಗಿದ್ದಕ್ಕೆ ಇಡೀ ಬೋಗಿಯೇ ನಕ್ಕಿತು. ಆ ಪಾಠ ನನಗೆ ಆಮೇಲೆ ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಸಿಗಲಿಲ್ಲ.

ಇಳಿಯುವ ಮುಂಚೆ ಇನ್ನೊಂದು ಪ್ರಶ್ನೆ ಹಾಕಿದರು. "ಆಸ್ಪತ್ರೆಗೆ ಬಂದೋರಷ್ಟೇ ಕಾಯಿಲೆಯವರಾ? ನಿಮ್ಮ ದೊಡ್ಡಮ್ಮಂಗೆ ಕಾಮಾಲೆ ಆದ್ರೆ ಎಲ್ಲಿಗೆ ಹೋಗ್ತಾರೆ?"

"ಸೊಪ್ಪಿನ ಔಷಧಿಗೆ" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು.

ಭದ್ರಾ ಸೇತುವೆಯ ಆಚೆಗೆ ಕಾಮಾಲೆಗೆ ಸೊಪ್ಪು ಅರೆದು ಕೊಡುವ ಅಜ್ಜಿಯೊಬ್ಬಳಿದ್ದಳು. ಅವತ್ತೇ ಹೋದೆ. ಅಂಗಳದ ತುಂಬ ಜನ, ಮಜ್ಜಿಗೆಯಲ್ಲಿ ಕದಡಿದ ನೆಲನೆಲ್ಲಿಯ ಹಸಿ ವಾಸನೆ, ಎಲ್ಲರ ಕಣ್ಣಲ್ಲೂ ಅರಿಸಿನ. ನೋಡಿದರೆ ಅರ್ಧಕ್ಕರ್ಧ ನಮ್ಮ ಸಾ ಮಿಲ್ ಓಣಿಯವರೇ. ಹೆಂಚಿನ ಮನೆಯವರು, ಮಿಲ್ಲಿನ ಕೂಲಿಗಳು, ಕಂಬಕ್ಕೊರಗಿ ಕೂತ ಶೆಟ್ಟರ ಮಗ. ಸೇಲಂ ಕಡೆಯವರಿಗೆ ಈ ಅಜ್ಜಿಯ ಗುರುತಿರಲಿಲ್ಲ, ಹಾಗಾಗಿ ಅವರು ಮಾತ್ರ ಆಸ್ಪತ್ರೆಯ ದಾರಿ ಹಿಡಿದಿದ್ದರು. ಕಾಮಾಲೆ ತಗಡಿನ ಸಾಲಿನದು ಎಂದು ಊರೆಲ್ಲ ಮಾತಾಡಿಕೊಂಡದ್ದು ಅದಕ್ಕೇ. ಇವರಲ್ಲಿ ಎಷ್ಟೋ ಜನ ಮುನಿಯಮ್ಮನ ಅಂಗಡಿಯ ಮೆಟ್ಟಿಲನ್ನೂ ಹತ್ತದವರು. ನನಗೆ ಅಲ್ಲಿಯೇ ಕುಣಿಯಬೇಕೆನ್ನಿಸಿತು, ಅಷ್ಟು ಜನ ಕಾಯಿಲೆಯವರ ನಡುವೆ ಕುಣಿಯಬಾರದೆಂದು ಸುಮ್ಮನಾದೆ.

ಅಲ್ಲಿಂದ ನಮ್ಮ ಮನೆಮನೆಯ ತಿರುಗಾಟ ಶುರುವಾಯಿತು. ಕಾಮಾಲೆ ಒಳಹೊಕ್ಕ ಮೇಲೆ ಕಣ್ಣಲ್ಲಿ ಕಾಣಿಸಲು ಮೂರು ನಾಲ್ಕು ವಾರ ಹಿಡಿಯುತ್ತದೆ, ನಿನ್ನೆ ಮೊನ್ನೆ ತಿಂದದ್ದನ್ನು ಕೇಳಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ತಿಂಗಳ ಹಿಂದೆ ತಿಂದದ್ದು ಯಾರಿಗೆ ನೆನಪಿರುತ್ತದೆ? ಅದಕ್ಕೆ ಹಬ್ಬದ ಲೆಕ್ಕ ಹಿಡಿದೆ. ದೀಪಾವಳಿಗೆ ಏನು ತಿಂದಿರಿ, ಅದಕ್ಕೆ ಮುಂಚೆ ಆಯುಧಪೂಜೆಗೆ ಎಲ್ಲಿದ್ದಿರಿ? ಕಾಯಿಲೆಯವರ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಕಾಯಿಲೆ ಬಾರದವರ ಮನೆಯಲ್ಲೇ ಪೇಚಾಟ. "ನಮಗೇನೂ ಆಗಿಲ್ವಲ್ಲಮ್ಮ, ಯಾಕೆ ಅಪಶಕುನ ನುಡೀತೀಯ?" ಎಂದು ಒಬ್ಬಾಕೆ ನನ್ನ ಕಾಲಿನ ಹತ್ತಿರಕ್ಕೇ ನೀರು ಚೆಲ್ಲಿದಳು. ನಾನು ಬೈಸಿಕೊಂಡೇ ಕೇಳಿದೆ.

ಮುನಿಯಮ್ಮ ಆರಿದ ಒಲೆಯ ಮುಂದೆ ಕೂತಿರುತ್ತಿದ್ದಳು. ಅವಳ ಗಂಟಲು ಸಣ್ಣಗಾಗಿತ್ತು. "ಆವಿಯಲ್ಲಿ ಬೇಯ್ಸಿದ್ದು ತಾಯಿ ನಾನು. ಯಾರ್ ಮಗಂಗಾದ್ರೂ ನಾನ್ಯಾಕೆ ಕೆಟ್ಟದ್ದು ಮಾಡ್ಲಿ? ಊರಿಗೆ ಹೋದ್ರೆ ಅಲ್ಲಿ ಯಾರಿದಾರೆ ನಂಗೆ?" ಎಂದಳು. ಅವಳ ಚಿಕ್ಕ ಮಗಳು ನನ್ನ ಚೀಲ ಹಿಡಿದುಕೊಂಡು ಓಣಿಯ ತಿರುವಿನವರೆಗೆ ಬಂದಳು.

ಕೊನೆಗೆ ದಾರಿ ತೋರಿಸಿದ್ದು ಶೆಟ್ಟರ ಮನೆಯೇ. ಶೆಟ್ಟರ ಸೊಸೆ ಲಲಿತ ಹಿತ್ತಿಲಲ್ಲಿ ಗಂಡನಿಗೆ ಗಂಜಿ ಆರಿಸುತ್ತಿದ್ದಳು. ಆ ಮನೆಯಲ್ಲಿ ಗಂಡನಿಗೆ ಕಾಮಾಲೆ, ನಾದಿನಿಗೆ ಕಾಮಾಲೆ, ಅತ್ತೆಗೂ ಆಗತಾನೇ ಶುರು. ಇವಳು ಮಾತ್ರ ಕೆನ್ನೆ ಕೆಂಪಗೆ ಗಟ್ಟಿಯಾಗಿದ್ದಳು. ಆಯುಧಪೂಜೆಯ ದಿನ ಏನು ತಿಂದೆ ಎಂದು ಕೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಮಾವನೋರಿಗೆ ಹೇಳಲ್ಲ ತಾನೇ ಅಕ್ಕಾ? ಅವತ್ತು ನಾನು ಹೊರಗೆ ಕೂತಿದ್ದೆ. ಪೂಜೆಗೂ ಇಲ್ಲ, ಪ್ರಸಾದಾನೂ ಇಲ್ಲ. ಎಲ್ಲರೂ ಮಿಲ್ಲಲ್ಲಿದ್ರು, ಯಾರೂ ಊಟ ಕೊಡೋಕೆ ನೆನಪೇ ಮಾಡ್ಕೊಳ್ಲಿಲ್ಲ. ಹಸಿವು ತಡೆಯಕ್ಕಾಗ್ದೆ ಹಿತ್ತಲ ಬಾಗಿಲಿಂದ ಮುನಿಯಮ್ಮನ ಇಡ್ಲಿ ತರಿಸ್ಕೊಂಡು ತಿಂದೆ. ಚಟ್ನೀನೂ ನೆಕ್ಕಿಬಿಟ್ಟೆ."

"ಮಿಲ್ಲಲ್ಲಿ ಪ್ರಸಾದ ಏನು ಮಾಡಿದ್ರು?"

"ಪಾನಕ, ಕೋಸಂಬರಿ. ಪಾನಕ ಅಂದ್ರೆ ಮಾವನೋರಿಗೆ ಪ್ರಾಣ. ನಲ್ಲಿ ನೀರು ದೇವರಿಗೆ ಆಗಲ್ಲ ಅಂತ ಮಿಲ್ಲಿನ ಎದುರಿನ ಬಾವಿ ನೀರು ಸೇದಿಸಿ ಕೊಳಗಗಟ್ಟಲೆ ಮಾಡಿಸ್ತಾರೆ. ಮನೆಗೆ ನಮ್ಮ ಹಿತ್ತಿಲ ಬಾವಿ, ಓಣಿಯೋರಿಗೆ ನಲ್ಲಿ, ಆ ಬಾವಿ ನೀರು ಪೂಜೆಗೆ ಮಾತ್ರ. ಇಡೀ ಓಣಿ ಕುಡಿಯತ್ತೆ."

ಆ ಹಿತ್ತಿಲಿನಿಂದ ನಾನು ನಡೆದು ಬರಲಿಲ್ಲ, ಓಡಿ ಬಂದೆ. ಕೇಳಿದ ಮನೆಗಳಿಗೇ ಮತ್ತೆ ಹೋಗಿ ಪಾನಕ ಕುಡಿದಿರಾ ಎಂದು ಕೇಳಿದೆ. ವಾರದ ಕೊನೆಗೆ ಡಾಕ್ಟರು ಆಸ್ಪತ್ರೆಯ ಬೆಂಚಿನ ಮೇಲೆ ಟವಲು ಹಾಸಿದರು. ಮೊದಲು ಇಡ್ಲಿಯ ಗುಡ್ಡೆಗಳು. ತಿಂದವರಲ್ಲಿ ಎಷ್ಟು ಪಾಲಿಗೆ ಕಾಯಿಲೆಯೋ ತಿನ್ನದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲಿಗೆ. ಅವನ್ನು ಬಾಚಿ ತೆಗೆದು ಪಾನಕದ ಗುಡ್ಡೆಗಳನ್ನಿಟ್ಟೆವು. ಕುಡಿದವರ ಕಡೆ ಎಡಮೂಲೆ ತುಂಬಿ ಚೆಲ್ಲಿತು. ಎರಡನೇ ಪಾಳಿಗೆ ಹೋಗಿದ್ದವರು, ಊರಲ್ಲಿಲ್ಲದವರು, ಲಲಿತಳಂತೆ ಹೊರಗೆ ಕೂತವರು ಎಲ್ಲ ಬಲಗಡೆಯೇ ಕೂತರು. ಪಾನಕ ಕುಡಿಯದ ಒಬ್ಬ ಮುದುಕನಿಗೆ ಮಾತ್ರ ಕಾಮಾಲೆ ಬಂದಿತ್ತು. ಅವನು ಕುಡಿದು ಮರೆತಿರಬೇಕು, ಆ ಕಡೆಗೆ ಸೇರಿಸಿಬಿಡೋಣ ಎಂದೆ. ಡಾಕ್ಟರು ನನ್ನ ಕೈ ತಡೆದರು. "ಇರಲಿ ಬಿಡು. ಅವನಿಗೆ ಬೇರೆ ಯಾರಿಂದಲೋ ಬಂದಿರಬಹುದು, ನಮಗೆ ಗೊತ್ತಿಲ್ಲ. ನಮ್ಮ ಅನುಕೂಲಕ್ಕೆ ಅವನನ್ನ ಎತ್ತಿ ಆ ಕಡೆ ಇಡಬಾರದು." ಆ ಒಂದು ಕಡಲೆಕಾಯಿಯನ್ನು ಅದರ ಮೂಲೆಯಲ್ಲೇ ಬಿಟ್ಟೆವು.

ಬಾವಿಯ ಹತ್ತಿರ ನಿಂತು ರಹೀಂ ಸಾಬರು ಎಲ್ಲ ವಿವರಿಸಿದರು. ಆಯುಧಪೂಜೆಗೆ ಎಲ್ಲರಿಗಿಂತ ಮುಂಚೆ ತಮ್ಮ ಪಾನಾ, ಜಾಕುಗಳಿಗೆ ಹೂವು ಏರಿಸುವವರು ಅವರೇ. "ಅವತ್ತು ಬೆಳಿಗ್ಗೆ ಲಾರಿ ಸಾಲು ರೈಲ್ವೆ ಗೇಟ್ ತನಕ ಇತ್ತು ಡಾಕ್ಟರ್ ಸಾಬ್. ಎಲ್ಲಾ ಇಲ್ಲೇ ತೊಳೆದ್ವಿ. ಗೋಣಿ ಚೂರು, ಬಾಳೆ ಸಿಪ್ಪೆ ಸಿಕ್ಕಿ ಮೋರಿ ಕಟ್ಕೊಂಡು ನೀರು ಮೇಲೆ ಬಂತು. ಹಬ್ಬದ ಗಡಿಬಿಡಿ, ಯಾರು ನೋಡ್ತಾರೆ?" ಓಣಿಯ ಕಕ್ಕಸುಗಳ ನೀರೆಲ್ಲ ಆ ಮೋರಿಗೇ ಬರುತ್ತಿತ್ತು. ಬಾವಿಯ ಕಟ್ಟೆ ಆ ಮಗ್ಗುಲಲ್ಲಿ ಬಿರುಕು ಬಿಟ್ಟಿತ್ತು, ಮಣ್ಣಿನಲ್ಲಿ ನೀರು ಒಳಕ್ಕೆ ಹರಿದ ಗುರುತು ಇನ್ನೂ ಇತ್ತು. ಮಧ್ಯಾಹ್ನ ಅದೇ ಬಾವಿಯಿಂದ ಪಾನಕಕ್ಕೆ ನೀರು ಸೇದಿದ್ದರು. ಇಡೀ ಓಣಿ ಭಕ್ತಿಯಿಂದ ತೊಳೆದದ್ದನ್ನು ಇಡೀ ಓಣಿ ಭಕ್ತಿಯಿಂದ ಕುಡಿದಿತ್ತು.

ಇದನ್ನೀಗ ಶೆಟ್ಟರಿಗೆ ಹೇಳಬೇಕಿತ್ತು. ಮಿಲ್ಲಿನ ಗರಗಸ ನಿಂತ ಹೊತ್ತು ನೋಡಿ ಡಾಕ್ಟರು ಒಳಗೆ ಹೋದರು, ಹಿಂದೆ ನಾನು. ಡಾಕ್ಟರು ಕಣ್ಣು ತಪ್ಪಿಸದೆ, ದನಿ ಏರಿಸದೆ ಎಲ್ಲವನ್ನೂ ಹೇಳಿದರು.

"ದೇವರಿಗೆ ಅಂತ ಮಡಿ ನೀರು ಕೊಟ್ಟಿದ್ದು ಸಾರ್ ನಾನು" ಎಂದರು ಶೆಟ್ಟರು. ಆಮೇಲೆ, "ಯಾರು ಹೇಳಿದ್ದು ಇದನ್ನ?" ಎಂದು ಕೇಳಿದರು.

ಲಲಿತಳ ಮಾತು ನೆನಪಾಗಿ ನಾನು ಡಾಕ್ಟರ ಬೆನ್ನ ಹಿಂದಕ್ಕೆ ಸರಿದೆ. ಡಾಕ್ಟರು, "ಒಬ್ಬರು ಹೇಳಿದ್ದಲ್ಲ ಶೆಟ್ರೇ. ಓಣಿಯೆಲ್ಲಾ ಸೇರಿ ಹೇಳಿದ್ದು. ನೀವು ಕೊಟ್ಟಿದ್ದು ಪಾನಕಾನೇ. ಕಾಯಿಲೆ ತಂದಿದ್ದು ಬಾವಿ. ನಾನು ಬಾವಿ ಅಂತಷ್ಟೇ ಬರೀತೀನಿ" ಎಂದರು.

ಶೆಟ್ಟರು ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು. ಓಣಿಯವರ ಹೆಸರುಗಳನ್ನು ಒಂದೊಂದಾಗಿ ತಮ್ಮಷ್ಟಕ್ಕೇ ಹೇಳಿಕೊಂಡರು. ಕಾಯಿಲೆ ಬಿದ್ದವರೆಲ್ಲ ಅವರ ಕೈಯಿಂದಲೇ ಲೋಟ ಇಸಿದುಕೊಂಡವರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿ, ಅಯ್ಯೋ ಪಾಪ ಅನ್ನಿಸಿತು. ಅವತ್ತು ಸಂಜೆ ಬಾವಿಗೆ ಬ್ಲೀಚಿಂಗ್ ಪೌಡರ್ ಕದಡಿ ಸುರಿಯುವಾಗ ಬಕೆಟ್ಟು ಹಿಡಿದು ನಿಂತವರು ಅವರೇ. ಕಣ್ಣು ಉರಿದು ನೀರು ಬರುತ್ತಿದ್ದರೂ ಮುಖ ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಓಣಿಗೆ ಬರುವ ಹೊತ್ತಿಗೆ ಶೆಟ್ಟರು ಮುನಿಯಮ್ಮನ ಅಂಗಡಿಯ ಮುಂದೆ ನಿಂತಿದ್ದರು. ಅವಳು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು.

"ಒಲೆ ಹಚ್ಚು ಮುನಿಯಮ್ಮ. ಡಾಕ್ಟರು ನಿಂದೇನೂ ತಪ್ಪಿಲ್ಲ ಅಂತ ಬರೆದ್ರು."

ಮುನಿಯಮ್ಮ ಗೋಣಿಯಿಂದ ಪಾತ್ರೆಯೊಂದನ್ನು ತೆಗೆದು ಕೆಳಗಿಟ್ಟಳು. ಆಮೇಲೆ, "ಹಿಟ್ಟಿಲ್ಲ ಶೆಟ್ರೇ" ಎಂದಳು. "ಇವತ್ತು ರುಬ್ಬಿದ್ರೆ ನಾಳೆ ಇಡ್ಲಿ. ನಾಳೆ ಬನ್ನಿ."

ಅವರು ಬರುವುದಿಲ್ಲ ಎಂದುಕೊಂಡಿದ್ದೆವು. ಮರುದಿನ ಸೈರನ್ ಕೂಗುವ ಮುಂಚೆಯೇ ಬಂದರಂತೆ. ನಾನು ಬಂದಾಗ ಓಣಿಗೆ ಓಣಿಯೇ ಅಲ್ಲಿ ನೆರೆದಿತ್ತು. ಮಡಿ ಪಂಚೆಯುಟ್ಟ ಶೆಟ್ಟರು ಮೋಟು ಬೆಂಚಿನ ಮೇಲೆ, ಮಿಲ್ಲಿನ ಕೂಲಿಗಳ ಪಕ್ಕದಲ್ಲಿ, ಎಲೆ ಹಿಡಿದುಕೊಂಡು ಕೂತಿದ್ದರು. ಮುನಿಯಮ್ಮ ಹಬೆಯಾಡುವ ಇಡ್ಲಿ ಹಾಕಿದಳು. ಚಟ್ನಿಯ ಸೌಟನ್ನು ಎಲೆಯ ಮೇಲೆ ತಡೆದು ಹಿಡಿದು, "ನಲ್ಲಿ ನೀರಿನ ಚಟ್ನಿ ಶೆಟ್ರೇ. ಪರವಾಗಿಲ್ವಾ?" ಎಂದಳು. ಗಂಟಲು ಮೊದಲಿನಷ್ಟೇ ಗಟ್ಟಿಯಾಗಿತ್ತು.

"ಹಾಕಮ್ಮ" ಎಂದರು ಶೆಟ್ಟರು. ತಿಂದರು. ಇನ್ನೆರಡು ಕೇಳಿ ಹಾಕಿಸಿಕೊಂಡರು. ಶೆಟ್ಟರ ಮನೆಯ ಕಿಟಕಿಯಲ್ಲಿ ಲಲಿತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮರುವರ್ಷದ ಆಯುಧಪೂಜೆಗೆ ಬಾವಿಗೆ ಹೊಸ ಕಟ್ಟೆ ಬಂದಿತ್ತು, ಲಾರಿ ತೊಳೆಯುವ ಜಾಗ ಹೊಳೆಯ ದಾರಿಗೆ ಹೋಗಿತ್ತು. ಪಾನಕಕ್ಕೆ ಬಾವಿಯ ನೀರೇ, ಆದರೆ ಹಿಂದಿನ ದಿನವೇ ಮುನಿಯಮ್ಮನ ಇಡ್ಲಿ ಹಂಡೆಯಲ್ಲಿ ಕಾಸಿ ಆರಿಸಿದ್ದು. ತಿಂಗಳ ಮೇಲೆ ಡಾಕ್ಟರು ನನ್ನನ್ನು ಮತ್ತೆ ಮನೆಮನೆಗೆ ಕಳಿಸಿದರು. ಎಲ್ಲ ಬಾಗಿಲಲ್ಲೂ ಒಂದೇ ಮಾತು. ಇಲ್ಲ, ಯಾರಿಗೂ ಇಲ್ಲ, ಏನೂ ಇಲ್ಲ. ಸೇತುವೆಯಾಚೆಯ ಅಜ್ಜಿಯ ಅಂಗಳದಲ್ಲೂ ನಮ್ಮ ಓಣಿಯ ಒಂದು ಮುಖವೂ ಇರಲಿಲ್ಲ. ಸಂಜೆ ರೈಲಿನಲ್ಲಿ, "ಬರೀ ಕೈಲಿ ಬಂದೆ ಸರ್. ಹೇಳೋಕೆ ಏನೂ ಸಿಗಲಿಲ್ಲ" ಎಂದೆ. ಡಾಕ್ಟರು ಜೇಬಿನಲ್ಲಿದ್ದ ಕಡಲೆಕಾಯಿಯನ್ನೆಲ್ಲ ತೆಗೆದು ನನ್ನ ಮಡಿಲಿಗೆ ಸುರಿದರು. "ಇವತ್ತು ಎಲ್ಲಾನೂ ಒಂದೇ ಗುಡ್ಡೆ ಶಾರದಾ. ಆರಾಮಾಗಿ ತಿನ್ನು" ಎಂದು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಆಮೇಲೆ ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಅವರಷ್ಟು ನನ್ನನ್ನು ಬೈದವರೂ ಇಲ್ಲ, ಅವರಷ್ಟು ನಾನು ನೆನೆಯುವವರೂ ಇಲ್ಲ.

ಮೊನ್ನೆ ಆ ಹುಡುಗಿ ನಾಲ್ಕು ಗೇಟು ದಾಟಿ ಹೋಗಿದ್ದಳು. ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಇಳಿದೆ. "ಏ ಹುಡುಗಿ, ಬಾ ಇಲ್ಲಿ" ಎಂದು ಕೂಗಿದೆ. ಅವಳು ಗಾಬರಿಯಿಂದ ಓಡಿಬಂದಳು. "ಏನಜ್ಜಿ, ಯಾರಿಗೆ ಹುಷಾರಿಲ್ಲ?"

"ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ ಕಣಮ್ಮ" ಎಂದೆ. "ಪೆನ್ನು ತೆಗಿ. ಅದನ್ನೂ ಬರ್ಕೋ."